ಮೆಟ್ಟಿಲ ದೀಪಕ್ಕೆ ಸ್ಮಾರ್ಟ್ ಡಿಮ್ಮರ್: ಮೂರು ಕಡೆಯಿಂದ ಒಂದೇ ದೀಪ

ಡುಪ್ಲೆಕ್ಸ್ ಮನೆಗಳಲ್ಲಿ ಮೆಟ್ಟಿಲ ದೀಪಕ್ಕೆ ಕೆಳಗೊಂದು, ನಡುವಿನ ತಿರುವಿನಲ್ಲೊಂದು, ಮೇಲೊಂದು ಸ್ವಿಚ್ ಇರುತ್ತದೆ. ಆ ದೀಪವನ್ನು ಡಿಮ್ ಮಾಡಬೇಕು, ಫೋನಿನಿಂದಲೂ ಹಚ್ಚಬೇಕು ಎನಿಸಿದ ಕೂಡಲೇ ಹಲವರು ಮಾಡುವ ಕೆಲಸ, ಮೂರು ಕಡೆಗೂ ಒಂದೊಂದರಂತೆ ಮೂರು ಸ್ಮಾರ್ಟ್ ಡಿಮ್ಮರ್ ಆರ್ಡರ್ ಹಾಕುವುದು. ಪೆಟ್ಟಿಗೆ ಬಂದ ಮೇಲೆ ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಳ್ಳುತ್ತಾನೆ, ದೀಪ ಪಿಳಪಿಳ ಅನ್ನುತ್ತದೆ, ಕೊನೆಗೆ ಎಲ್ಲ ಬಿಚ್ಚಿ ಹಳೇ ಸ್ವಿಚ್ಚೇ ಹಾಕುತ್ತಾರೆ. ಬೇಕಿರುವುದು ಒಂದೇ ಡಿಮ್ಮರ್ ಮತ್ತು ಮೂರು ಬೆಲ್ ಪುಶ್, ಅಂದರೆ ಕರೆಗಂಟೆಯದರಂತೆ ಒತ್ತಿದಾಗ ಮಾತ್ರ ಸೇರಿ, ಬಿಟ್ಟ ಕೂಡಲೇ ಬಿಡುವ ಸ್ವಿಚ್. ಬಹಳಷ್ಟು ಮನೆಗಳಲ್ಲಿ ಗೋಡೆ ಒಡೆಯದೆ, ಹೊಸ ವೈರ್ ಎಳೆಯದೆ ಇದನ್ನು ಮಾಡಬಹುದು. ಹೇಗೆಂದು ನೋಡೋಣ.

ಮೂರು ಡಿಮ್ಮರ್ ಯಾಕೆ ಆಗುವುದಿಲ್ಲ

ಈಗಿರುವ ಸ್ಟೇರ್‌ಕೇಸ್ ವೈರಿಂಗ್ ಹೀಗಿದೆ: ಕರೆಂಟ್ ತರುವ ಫೇಸ್ ವೈರ್ ಕೆಳಗಿನ ಟೂ-ವೇ ಸ್ವಿಚ್‌ನ ನಡುವಿನ ಟರ್ಮಿನಲ್‌ಗೆ, ಅಂದರೆ ಕಾಮನ್‌ಗೆ ಬರುತ್ತದೆ. ಅದರ ಉಳಿದೆರಡು ಟರ್ಮಿನಲ್‌ಗಳಿಂದ ಒಂದು ಜೋಡಿ ವೈರ್ ಮೇಲೆ ಹೋಗುತ್ತದೆ. ನಡುವಿನ ತಿರುವಿನಲ್ಲಿ ನಾಲ್ಕು ಟರ್ಮಿನಲ್ಲಿನ ಇಂಟರ್‌ಮೀಡಿಯೇಟ್ ಸ್ವಿಚ್ ಆ ಜೋಡಿಯನ್ನು ಅದಲುಬದಲು ಮಾಡುತ್ತದೆ. ಮೇಲಿನ ಟೂ-ವೇ ಸ್ವಿಚ್‌ನ ಕಾಮನ್‌ನಿಂದ ದೀಪಕ್ಕೆ ವೈರ್ ಹೋಗುತ್ತದೆ. ಕರೆಂಟ್ ವಾಪಸಾಗುವ ನ್ಯೂಟ್ರಲ್ ವೈರ್ ನೇರವಾಗಿ ದೀಪದ ಹತ್ತಿರವೇ ಇರುತ್ತದೆ. ಮೂರೂ ಸ್ವಿಚ್ಚುಗಳ ಮೂಲಕ ಹರಿಯುವುದು ದೀಪದ ಕರೆಂಟೇ.

ಡಿಮ್ಮರ್ ಕೆಲಸ ಬೇರೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳಿರುತ್ತವೆ. ಡಿಮ್ಮರ್ ಪ್ರತಿ ಅರ್ಧ ಅಲೆಯ ಒಂದು ಭಾಗವನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ದೀಪಕ್ಕೆ ಬಿಡುತ್ತದೆ. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಅಲೆ ಸೊನ್ನೆ ದಾಟುವ ಕ್ಷಣವನ್ನು ಅದು ಕಾಯುತ್ತಿರುತ್ತದೆ. ಅದರ ಮುಂದೆ ಇನ್ನೊಂದು ಡಿಮ್ಮರ್ ಇಟ್ಟರೆ ಎರಡನೆಯದಕ್ಕೆ ಸಿಗುವುದು ಮೊದಲೇ ಕತ್ತರಿಸಿದ ಅಲೆ. ಸೊನ್ನೆ ಎಲ್ಲಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ತನ್ನೊಳಗಿನ ವೈಫೈ ಚಿಪ್ ನಡೆಸಲು ಬೇಕಾದ ಕರೆಂಟೂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ದೀಪದ ಕರೆಂಟನ್ನು ಕತ್ತರಿಸುವ ಜಾಗ ಒಂದೇ ಇರಬೇಕು. ಉಳಿದ ಕಡೆಯಿಂದ ಸೂಚನೆ ಹೋದರೆ ಸಾಕು. ಬಸ್ಸಿನಲ್ಲಿ ಯಾವ ಸೀಟಿನ ಪಕ್ಕದಿಂದಲಾದರೂ ಬೆಲ್ ಒತ್ತಬಹುದು, ಬ್ರೇಕ್ ಮಾತ್ರ ಡ್ರೈವರ್ ಕಾಲಡಿ ಇರುತ್ತದಲ್ಲ, ಹಾಗೆ.

ಸೂಚನೆ ಕಳಿಸುವುದಕ್ಕೆ ಮೂರು ದಾರಿಗಳಿವೆ. ಒಂದು, ಬಾಕ್ಸಿನೊಳಗೆ ಸ್ವಿಚ್ಚಿನ ಹಿಂದೆ ಕೂರುವ ಡಿಮ್ಮರ್ ಮಾಡ್ಯೂಲ್. ಅದಕ್ಕೆ ಎಷ್ಟು ಕಡೆಯಿಂದ ಬೇಕಾದರೂ ಬೆಲ್ ಪುಶ್ ಸ್ವಿಚ್. ಎರಡು, ಒಂದೇ ಕಂಪನಿಯ ಒಂದು ಮುಖ್ಯ ಡಿಮ್ಮರ್ ಮತ್ತು ಅದರ ಜೊತೆಗೇ ಮಾರುವ ಸಹಾಯಕ ಸ್ವಿಚ್. ಮೂರು, ಒಂದು ಕಡೆ ಡಿಮ್ಮರ್, ಉಳಿದ ಕಡೆ ಗೋಡೆಗೆ ಅಂಟಿಸುವ ಸೆಲ್ಲಿನ ರಿಮೋಟ್ ಬಟನ್. ಟಚ್ ಪ್ಯಾನೆಲ್ ಮಾರುವವರು ನಾಲ್ಕನೆಯದೊಂದು ಹೇಳುತ್ತಾರೆ: ಎರಡು ಪ್ಯಾನೆಲ್ ಹಾಕಿ, ಆಪ್‌ನಲ್ಲಿ ಜೋಡಿಸಿ, ಒಂದು ಒತ್ತಿದರೆ ಇನ್ನೊಂದಕ್ಕೆ ವೈಫೈ ಮೂಲಕ ಹೇಳುತ್ತದೆ ಎಂದು. ಮೆಟ್ಟಿಲಿಗೆ ಮಾತ್ರ ಇದು ಬೇಡ. ರೌಟರ್ ಕೈಕೊಟ್ಟ ರಾತ್ರಿ ಮೇಲಿನ ಸ್ವಿಚ್ ಒತ್ತಿದರೆ ದೀಪ ಹತ್ತುವುದಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ಕತ್ತಲಲ್ಲೇ ಇಳಿಯಬೇಕಾಗುತ್ತದೆ. ಇಂಟರ್ನೆಟ್ ಇರಲಿ ಬಿಡಲಿ, ಗೋಡೆಯ ಮೇಲಿನ ಸ್ವಿಚ್ ನಡೆಯಲೇಬೇಕು. ಈ ಕಾರಣಕ್ಕೆ ನನ್ನ ಓಟು ಮೊದಲನೆಯದಕ್ಕೆ, ಈ ಲೇಖನವೂ ಅದರ ಬಗ್ಗೆಯೇ.

ಕೊಳ್ಳುವ ಮುಂಚೆ

ಮೊದಲು ಬಲ್ಬ್ ನೋಡಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಲ್‌ಇಡಿ ಬಲ್ಬ್ ಡಿಮ್ ಆಗುವುದಕ್ಕೆಂದು ಮಾಡಿದ್ದಲ್ಲ. ಡಿಮ್ಮರ್‌ಗೆ ಹಾಕಿದರೆ ಮಿನುಗುತ್ತದೆ, ಗುಂಯ್‌ಗುಡುತ್ತದೆ, ಬೇಗ ಸಾಯುತ್ತದೆ. ಡಬ್ಬದ ಮೇಲೆ ‘ಡಿಮ್ಮೆಬಲ್’ ಎಂದು ಬರೆದಿರಬೇಕು. ಫಾಲ್ಸ್ ಸೀಲಿಂಗಿನ ಪ್ಯಾನೆಲ್ ಲೈಟಾದರೆ ಅದರ ಜೊತೆ ಬರುವ ಪುಟ್ಟ ಡ್ರೈವರ್ ಪೆಟ್ಟಿಗೆಯ ಮೇಲೆ ಟ್ರಯಾಕ್ ಅಥವಾ ಫೇಸ್-ಕಟ್ ಡಿಮ್ಮಿಂಗ್ ಎಂದು ಇರಬೇಕು. ಇಲ್ಲದಿದ್ದರೆ ಡ್ರೈವರನ್ನೇ ಬದಲಿಸಬೇಕಾಗುತ್ತದೆ. ಫೋನಿನಿಂದ ಬಣ್ಣ ಬದಲಿಸುವ ಸ್ಮಾರ್ಟ್ ಬಲ್ಬನ್ನು ಡಿಮ್ಮರ್‌ಗೆ ಹಾಕಲೇಬಾರದು, ಅದರ ಹೊಟ್ಟೆಯಲ್ಲೇ ಒಂದು ಡಿಮ್ಮರ್ ಇದೆ. ಫ್ಯಾನನ್ನು ಈ ಡಿಮ್ಮರ್‌ಗೆ ಕೊಡಬೇಡಿ. ಚೋಕ್ ಇರುವ ಹಳೇ ಟ್ಯೂಬ್‌ಲೈಟಿಗೂ ಬೇಡ.

ಡಿಮ್ಮರ್‌ಗಳಲ್ಲಿ ಎರಡು ಜಾತಿ. ಅರ್ಧ ಅಲೆಯ ಮುಂಭಾಗ ಕತ್ತರಿಸುವುದು ಲೀಡಿಂಗ್ ಎಡ್ಜ್; ಹಳೇ ಕಾಲದ ಬುರುಡೆ ಬಲ್ಬಿಗೆ ಚೆನ್ನಾಗಿತ್ತು. ಹಿಂಭಾಗ ಕತ್ತರಿಸುವುದು ಟ್ರೇಲಿಂಗ್ ಎಡ್ಜ್. ಎಲ್‌ಇಡಿಗೆ ಸಾಮಾನ್ಯವಾಗಿ ಇದೇ ಹೊಂದುತ್ತದೆ, ಸದ್ದು ಕಡಿಮೆ. ಎರಡನ್ನೂ ಮಾಡುವ ಮಾಡ್ಯೂಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಆಮೇಲೆ ವ್ಯಾಟ್ ಲೆಕ್ಕ. 7 ವ್ಯಾಟಿನ ಆರು ಬಲ್ಬಿದ್ದರೆ 42 ವ್ಯಾಟ್. ಡಿಮ್ಮರ್‌ನ ಗರಿಷ್ಠ ವ್ಯಾಟ್ ಎಲ್‌ಇಡಿಗೆ ಎಷ್ಟು ಎಂದು ಬೇರೆಯಾಗಿ ಬರೆದಿರುತ್ತಾರೆ, ಬುರುಡೆ ಬಲ್ಬಿನ ಲೆಕ್ಕಕ್ಕಿಂತ ಅದು ಕಡಿಮೆ ಇರುತ್ತದೆ. ಗರಿಷ್ಠಕ್ಕಿಂತ ಹೆಚ್ಚಾಗಿ ಕಾಡುವುದು ಕನಿಷ್ಠ ಲೋಡು, ಅಂದರೆ ದೀಪಗಳ ಒಟ್ಟು ವ್ಯಾಟ್ ಇಷ್ಟಾದರೂ ಇರಬೇಕೆಂಬ ಮಿತಿ. ನ್ಯೂಟ್ರಲ್ ಇಲ್ಲದೆ ನಡೆಯುವ ಮಾಡ್ಯೂಲ್ ತನಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತದೆ. ಹಾಗಾಗಿ ಕೆಲವಕ್ಕೆ 20 ವ್ಯಾಟಿನಷ್ಟಾದರೂ ಲೋಡ್ ಬೇಕು. ಒಂದೇ ಒಂದು 9 ವ್ಯಾಟ್ ಬಲ್ಬಿನ ಮೆಟ್ಟಿಲಿಗೆ ಅಂಥದ್ದು ತಂದರೆ ಬಲ್ಬ್ ಆರಿಸಿದ ಮೇಲೂ ಮಿಣಮಿಣ ಎನ್ನುತ್ತಿರುತ್ತದೆ. ಮಾಡ್ಯೂಲ್ ಕೂರುವ ಮೇಲಿನ ಬಾಕ್ಸಿನಲ್ಲಿ ನ್ಯೂಟ್ರಲ್ ಇದ್ದರೆ ನ್ಯೂಟ್ರಲ್ ಬಳಸುವ ಮಾಡ್ಯೂಲೇ ಒಳ್ಳೆಯದು. ಸಾಕೆಟ್ ಇರುವ ದೊಡ್ಡ ಬೋರ್ಡುಗಳಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಮೆಟ್ಟಿಲ ತಿರುವಿನ ಒಂಟಿ ಸ್ವಿಚ್ ಬಾಕ್ಸಿನಲ್ಲಿ ಹೆಚ್ಚಾಗಿ ಇರುವುದಿಲ್ಲ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ, ಆದರೆ ಇಡೀ ಕೆಲಸ ಅದರ ಮೇಲೆ ನಿಂತಿದೆ. ಮಾಡ್ಯೂಲಿನ ಸ್ವಿಚ್ ಇನ್‌ಪುಟ್‌ಗೆ, ಅಂದರೆ ‘ಎಸ್’ ಎಂದು ಗುರುತಿರುವ ಟರ್ಮಿನಲ್‌ಗೆ ಏನು ಬೇಕು? ಕೆಲವಕ್ಕೆ ಫೇಸ್ ತಾಗಿಸಿದರೆ ಸಾಕು. ಇನ್ನು ಕೆಲವು ತಮ್ಮದೇ ಎರಡು ಟರ್ಮಿನಲ್ ಕೊಟ್ಟು, ಆ ಎರಡರ ನಡುವೆ ಮಾತ್ರ ಪುಶ್ ಹಾಕಬೇಕು, ಹೊರಗಿನ ಫೇಸ್ ತಾಗಿಸಬಾರದು ಎನ್ನುತ್ತವೆ. ಎರಡನೇ ಬಗೆಗೆ ಮೆಟ್ಟಿಲುದ್ದಕ್ಕೂ ಮೂರು ವೈರ್ ಬೇಕು: ಫೇಸ್ ಒಂದು, ಸೂಚನೆಗೆ ಎರಡು. ಪೈಪಿನಲ್ಲಿ ಈಗಿರುವುದು ಎರಡೇ. ಆದ್ದರಿಂದ ಇನ್‌ಪುಟ್‌ಗೆ ಫೇಸ್ ಒಪ್ಪುವ ಮಾಡ್ಯೂಲನ್ನೇ ಆರಿಸಿ. ಆನ್‌ಲೈನಿನಲ್ಲಿ ಮ್ಯಾನ್ಯುಯಲ್ಲಿನ ಚಿತ್ರ ನೋಡಿದರೆ ತಿಳಿಯುತ್ತದೆ. ಪುಶ್ ಸ್ವಿಚ್‌ನ ಒಂದು ಕಾಲು ‘ಎಲ್’ಗೆ, ಅಂದರೆ ಫೇಸಿಗೆ, ಹೋಗಿದ್ದರೆ ಅದು ನಮಗೆ ಬೇಕಾದದ್ದು.

ಮೂರು ಬೆಲ್ ಪುಶ್ ಕೂಡ ಬೇಕು, ನಿಮ್ಮ ಬೋರ್ಡಿನ ಮಾಡ್ಯುಲರ್ ಸರಣಿಯವೇ ಆದರೆ ಪ್ಲೇಟಿಗೆ ಹೊಂದುತ್ತವೆ. ಒಳಗೆ ಸಣ್ಣ ಇಂಡಿಕೇಟರ್ ದೀಪ ಇರುವ ಬೆಲ್ ಪುಶ್ ಮಾತ್ರ ತರಬೇಡಿ. ಆ ಇಂಡಿಕೇಟರ್ ಮೂಲಕ ಸೋರುವ ಕರೆಂಟೇ ಡಿಮ್ಮರ್‌ಗೆ ‘ಯಾರೋ ಒತ್ತಿದರು’ ಎನಿಸಲು ಸಾಕು.

ಯಾರು ಮಾಡಬೇಕು

ಹಾಳಾದ ಸ್ವಿಚ್ ತೆಗೆದು ಅಂಥದ್ದೇ ಇನ್ನೊಂದು ಹಾಕುವುದು ಬೇರೆ, ವೈರಿಂಗ್ ಬದಲಿಸುವುದು ಬೇರೆ. ಎರಡನೆಯದನ್ನು ಪರವಾನಗಿ ಇರುವವರೇ ಮಾಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಹಾಗಾಗಿ ಮುಂದಿನ ಹಂತಗಳನ್ನು ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಮಾಡಿಸಿ. ಟೂ-ವೇ ವೈರಿಂಗ್ ಅವರಿಗೆ ನೀರು ಕುಡಿದಷ್ಟು ಸುಲಭ, ಡಿಮ್ಮರ್ ಮಾಡ್ಯೂಲ್ ಹೊಸದಿರಬಹುದು. ಈ ಲೇಖನವನ್ನು ಫೋನಿನಲ್ಲಿ ತೆರೆದು ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಕರೆಂಟ್ ತೆಗೆಯುವುದು: ಒಂದು ಎಂಸಿಬಿ ಸಾಲದು

ನಮ್ಮ ಮನೆಗಳಲ್ಲಿ ಜೀವಕ್ಕೆ ಅಪಾಯ ತರುವ ಜಾಗ ಇದು. ಮೆಟ್ಟಿಲ ದೀಪವನ್ನು ಹೆಚ್ಚಿನವರು ಯುಪಿಎಸ್ ಲೈನಿಗೆ ಕೊಟ್ಟಿರುತ್ತಾರೆ. ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ಎದ್ದು ಕೂತು ಅದೇ ವೈರಿಗೆ 230 ವೋಲ್ಟ್ ಕೊಡುತ್ತದೆ. ಹಾಗಾಗಿ ಮೊದಲು ಯುಪಿಎಸ್ ಔಟ್‌ಪುಟ್ ಬಂದ್ ಮಾಡಿ, ಯುಪಿಎಸ್ ಸ್ವಿಚ್ಚನ್ನೂ ಆಫ್ ಮಾಡಿ, ಆಮೇಲೆ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಮೇನ್ ಇಳಿಸಿ. ಡಿಬಿ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಮನೆಯವರು ಯಾರಾದರೂ ‘ಕರೆಂಟ್ ಟ್ರಿಪ್ ಆಗಿದೆ’ ಎಂದುಕೊಂಡು ಎತ್ತಿಬಿಡಬಾರದು.

ಎರಡನೆಯದು, ತ್ರೀ-ಫೇಸ್ ಮನೆ. ಕೆಳಗಿನ ಮಹಡಿ ಒಂದು ಫೇಸ್, ಮೇಲಿನ ಮಹಡಿ ಇನ್ನೊಂದು ಫೇಸ್ ಆಗಿದ್ದರೆ ಮೆಟ್ಟಿಲ ಮೇಲಿನ ಬಾಕ್ಸಿನಲ್ಲಿ ಎರಡೂ ಇರಬಹುದು. ಅವೆರಡರ ನಡುವೆ ಸುಮಾರು 400 ವೋಲ್ಟ್. ‘ಮೇಲೆ ಪಕ್ಕದ ಸ್ವಿಚ್ಚಿನಲ್ಲೇ ಫೇಸ್ ಸಿಕ್ಕಿತು, ಅದನ್ನೇ ಪುಶ್‌ಗೆ ಕೊಡೋಣ’ ಎಂದರೆ ಒತ್ತಿದ ಮೊದಲ ಸಲವೇ ಮಾಡ್ಯೂಲ್ ಸುಟ್ಟುಹೋಗುತ್ತದೆ. ಡಿಮ್ಮರ್‌ಗೆ ಹೋಗುವ ಫೇಸ್ ಮತ್ತು ಎಲ್ಲ ಪುಶ್‌ಗಳ ಫೇಸ್ ಒಂದೇ ಎಂಸಿಬಿಯಿಂದ ಬಂದಿರಬೇಕು. ನ್ಯೂಟ್ರಲ್ ಕೂಡ ಅದೇ ಸರ್ಕ್ಯೂಟಿನದ್ದೇ ಆಗಬೇಕು. ಯುಪಿಎಸ್ ಫೇಸಿಗೆ ಪಕ್ಕದ ಮೇನ್ ಲೈನಿನ ನ್ಯೂಟ್ರಲ್ ಸೇರಿಸಿದರೆ ಸೋರುವ ಕರೆಂಟ್ ಕಂಡರೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುತ್ತಲೇ ಇರುತ್ತದೆ, ಯಾಕೆಂದು ಯಾರಿಗೂ ಹೊಳೆಯುವುದಿಲ್ಲ.

ನ್ಯೂಟ್ರಲ್ ಸಿಗಲಿಲ್ಲವೆಂದು ಹಸಿರು ಅರ್ಥ್ ವೈರನ್ನು ನ್ಯೂಟ್ರಲ್ ಮಾಡುವವರಿದ್ದಾರೆ. ಎಷ್ಟೇ ನುರಿತವರು ಹೇಳಿದರೂ ಬೇಡ ಎನ್ನಿ. ಆ ಅರ್ಥ್ ಎಲ್ಲೋ ಕಡಿದರೆ ಅದಕ್ಕೆ ಸೇರಿದ ಲೋಹದ ಬಾಕ್ಸು, ಗೀಸರ್ ಮೈಯೆಲ್ಲ ಶಾಕ್ ಹೊಡೆಯಲು ತಯಾರಾಗುತ್ತದೆ.

ಕರೆಂಟ್ ಹೋಗಿದೆಯೇ ಎಂದು ನೋಡಲು ಸ್ಕ್ರೂಡ್ರೈವರ್ ಟೆಸ್ಟರ್ ಒಂದನ್ನೇ ನಂಬಬೇಡಿ. ಮಲ್ಟಿಮೀಟರ್ ತನ್ನಿ. ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಅದು ಸರಿಯಾಗಿ ತೋರಿಸುತ್ತದೆಯೇ ನೋಡಿ, ಆಮೇಲೆ ಮೇನ್ ಇಳಿಸಿ ಕೆಲಸದ ಬಾಕ್ಸಿನಲ್ಲಿ ನೋಡಿ. ಬಾಕ್ಸು ಸತ್ತಿದೆ ಎಂದು ತೋರಿಸಿದ ಮೇಲೂ ಮೀಟರ್ ನಡುವೆ ಕೆಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕರೆಂಟ್ ಇರುವ ಕಡೆ ಮತ್ತೊಮ್ಮೆ ಪರೀಕ್ಷಿಸಿ.

ಯಾವ ವೈರ್ ಯಾವುದು

ಬಣ್ಣ ನೋಡಿ ತೀರ್ಮಾನಿಸಬೇಡಿ. ನಿಯಮದ ಪ್ರಕಾರ ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥ್‌ಗೆ. ಆದರೆ ಮೆಟ್ಟಿಲಿನ ಜೋಡಿ ವೈರಿಗೆ ಆ ದಿನ ಕೈಗೆ ಸಿಕ್ಕ ಬಣ್ಣ ಎಳೆದಿರುವುದು ಎಲ್ಲ ಕಡೆಯೂ ಇದೆ. ಬಿಚ್ಚುವ ಮುಂಚೆ ಮೂರೂ ಬಾಕ್ಸಿನ ಫೋಟೋ ತೆಗೆಯಿರಿ, ಯಾವ ವೈರ್ ಯಾವ ಟರ್ಮಿನಲ್ಲಿನಲ್ಲಿತ್ತು ಎನ್ನುವುದು ಕಾಣುವಂತೆ.

ಕೆಳಗಿನ ಟೂ-ವೇ ಸ್ವಿಚ್‌ನ ಕಾಮನ್‌ನಲ್ಲಿ ಇರುವುದು ಫೇಸ್, ಮೇಲಿನದರ ಕಾಮನ್‌ನಲ್ಲಿ ಇರುವುದು ದೀಪದ ವೈರ್. ಹೀಗಿರಬೇಕು, ಕೆಲವು ಮನೆಗಳಲ್ಲಿ ತಿರುಗುಮುರುಗು ಇರುತ್ತದೆ, ಫೇಸ್ ಮೇಲೆ, ದೀಪದ ವೈರ್ ಕೆಳಗೆ. ತಿಳಿಯುವ ಬಗೆ: ಮೂರೂ ಸ್ವಿಚ್ ಬಿಚ್ಚಿ, ವೈರ್ ತುದಿಗಳು ಒಂದಕ್ಕೊಂದು ತಾಗದಂತೆ ಅಗಲಿಸಿ, ತುದಿಗೆ ಕನೆಕ್ಟರ್ ಹಾಕಿ, ಎಲ್ಲರೂ ದೂರ ಸರಿದ ಮೇಲೆ ಮೇನ್, ಯುಪಿಎಸ್ ಎರಡನ್ನೂ ಆನ್ ಮಾಡಿ ಪ್ರತಿಯೊಂದನ್ನೂ ಅರ್ಥ್‌ಗೆ ಹೋಲಿಸಿ ಅಳೆಯಿರಿ. ಗಟ್ಟಿಯಾಗಿ 230 ವೋಲ್ಟಿನ ಆಸುಪಾಸು ತೋರಿಸುವುದು ಒಂದೇ ಇರಬೇಕು, ಅದೇ ಫೇಸ್. ಜೋಡಿ ವೈರಿನಲ್ಲಿ 40, 60 ವೋಲ್ಟ್ ಕಂಡರೆ ಬೆಚ್ಚಬೇಡಿ, ಪಕ್ಕದ ವೈರಿನಿಂದ ಪೈಪಿನೊಳಗೇ ಹಾಯ್ದ ಸುಳ್ಳು ವೋಲ್ಟೇಜ್ ಅದು. ಟೆಸ್ಟರ್ ಕೂಡ ಅಲ್ಲಿ ಮಂದವಾಗಿ ಹೊಳೆದು ದಾರಿ ತಪ್ಪಿಸುತ್ತದೆ. ಗುರುತು ಹಾಕಿಕೊಂಡು ಮತ್ತೆ ಯುಪಿಎಸ್, ಮೇನ್ ಎರಡನ್ನೂ ಇಳಿಸಿ.

ಎರಡು ಕಡೆ ಫೇಸ್ ಸಿಕ್ಕರೆ, ಅಥವಾ ಟೂ-ವೇ ಸ್ವಿಚ್‌ನ ಒಂದು ಟರ್ಮಿನಲ್ಲಿನಲ್ಲಿ ನ್ಯೂಟ್ರಲ್ ಸಿಕ್ಕರೆ, ಅಲ್ಲೇ ನಿಲ್ಲಿಸಿ. ಎರಡೂ ಮಹಡಿಯಿಂದ ಫೇಸ್ ಮತ್ತು ನ್ಯೂಟ್ರಲ್ ತೆಗೆದು ದೀಪವನ್ನು ಎರಡು ಕಾಮನ್‌ಗಳ ನಡುವೆ ಕಟ್ಟಿದ ಹಳೇ ಪದ್ಧತಿ ಅದು. ದೀಪ ಆರಿದ್ದರೂ ಹೋಲ್ಡರಿನ ಎರಡೂ ಕಡೆ ಫೇಸ್ ಇರಬಹುದಾದ್ದರಿಂದ ಅದು ಅಪಾಯಕಾರಿ. ಡಿಮ್ಮರ್ ಹಾಗಿರಲಿ, ಮೊದಲು ವೈರಿಂಗೇ ಸರಿಯಾಗಬೇಕು.

ಇನ್ನು ಜೋಡಿ ವೈರ್. ಕೆಳಗೆ ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಬಿಳಿ ಟೇಪ್ ಸುತ್ತಿ. ಮೆಟ್ಟಿಲ ಮೇಲೆ ಒಂದು ಉದ್ದ ವೈರ್ ಇಳಿಬಿಟ್ಟು, ಅದರ ಕೆಳತುದಿಯನ್ನು ಕೆಂಪು ಟೇಪಿನ ವೈರಿಗೆ ಸೇರಿಸಿ, ಎರಡು ತುದಿ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಬೀಪ್ ಇಟ್ಟು ನಡುವಿನ ಬಾಕ್ಸಿನಲ್ಲಿ ಆ ಕೆಂಪು ಟೇಪಿನ ವೈರಿನ ಇನ್ನೊಂದು ತುದಿ ಹುಡುಕಿ. ಸಿಕ್ಕಿದ್ದಕ್ಕೂ ಕೆಂಪು ಟೇಪ್. ನಡುವಿನಿಂದ ಮೇಲಕ್ಕೂ ಹೀಗೆಯೇ.

ಮಾಡ್ಯೂಲ್ ಎಲ್ಲಿ ಇಡಬೇಕು

ದೊಡ್ಡ ಬೋರ್ಡು, ಜಾಗ ಜಾಸ್ತಿ, ನ್ಯೂಟ್ರಲ್ಲೂ ಇದೆ ಎಂದು ಎಲ್ಲರಿಗೂ ಕೆಳಗಿನ ಬೋರ್ಡಿನಲ್ಲಿ ಇಡುವ ಮನಸ್ಸಾಗುತ್ತದೆ. ಲೆಕ್ಕ ಹಾಕಿ ನೋಡಿ. ಕೆಳಗಿಟ್ಟರೆ ಡಿಮ್ ಆದ ಕರೆಂಟನ್ನು ಮೇಲಕ್ಕೆ ಒಯ್ಯಲು ಜೋಡಿಯಲ್ಲಿ ಒಂದು ವೈರ್ ಹೋಯಿತು. ಸೂಚನೆ ತರಲು ಇನ್ನೊಂದು. ನಡುವಿನ ಮತ್ತು ಮೇಲಿನ ಪುಶ್‌ಗಳಿಗೆ ಬೇಕಾದ ಫೇಸ್? ಅದಕ್ಕೆ ವೈರ್ ಉಳಿಯಲಿಲ್ಲ. ಅದೇ ಮಾಡ್ಯೂಲನ್ನು ದೀಪದ ವೈರ್ ಇರುವ ತುದಿಯಲ್ಲಿಟ್ಟರೆ, ಕೆಂಪು ಟೇಪಿನ ವೈರ್ ಸದಾ ಫೇಸ್ ಹೊತ್ತು ಮೂರೂ ಬಾಕ್ಸನ್ನು ಮುಟ್ಟುತ್ತದೆ, ಬಿಳಿ ಟೇಪಿನದು ಸೂಚನೆಯನ್ನು ಮೂರೂ ಕಡೆಯಿಂದ ಹೊತ್ತು ತರುತ್ತದೆ, ಎರಡೇ ವೈರಿನಲ್ಲಿ ಎಲ್ಲ ಮುಗಿಯಿತು. ಆದ್ದರಿಂದ ಫೇಸ್ ಬರುವ ತುದಿಯಲ್ಲಲ್ಲ, ದೀಪದ ತುದಿಯಲ್ಲಿ. ನ್ಯೂಟ್ರಲ್ ಬೇಕಾದ ಮಾಡ್ಯೂಲಾಗಿ ಮೇಲೆ ಅದು ಇಲ್ಲದಿದ್ದರೆ ಅದೇ ಸರ್ಕ್ಯೂಟಿನಿಂದ ಒಂದು ಕಪ್ಪು ವೈರ್ ಪೈಪಿನಲ್ಲಿ ಎಳೆಸಿ.

ಈಗ ಜೋಡಣೆ, ಕೆಳಗಿನಿಂದ ಮೇಲಕ್ಕೆ (ಫೇಸ್ ಮೇಲೆ, ದೀಪದ ವೈರ್ ಕೆಳಗೆ ಇರುವ ಮನೆಯಾದರೆ ಇದನ್ನೇ ಮೇಲಿನಿಂದ ಕೆಳಕ್ಕೆ ಓದಿಕೊಳ್ಳಿ):

1. ಕೆಳಗಿನ ಬಾಕ್ಸ್: ಹಳೇ ಟೂ-ವೇ ಸ್ವಿಚ್ ತೆಗೆಯಿರಿ. ಫೇಸ್ ವೈರ್, ಕೆಂಪು ಟೇಪಿನ ವೈರ್, ಮತ್ತು ಪುಶ್‌ಗೆ ಹೋಗುವ ಒಂದು ತುಂಡು ವೈರ್, ಈ ಮೂರನ್ನೂ ಒಂದೇ ಕನೆಕ್ಟರಿಗೆ ಸೇರಿಸಿ. ಆ ತುಂಡಿನ ಇನ್ನೊಂದು ತುದಿ ಬೆಲ್ ಪುಶ್‌ನ ಒಂದು ಕಾಲಿಗೆ. ಪುಶ್‌ನ ಇನ್ನೊಂದು ಕಾಲಿಗೆ ಬಿಳಿ ಟೇಪಿನ ವೈರ್.

2. ನಡುವಿನ ಬಾಕ್ಸ್: ಇಂಟರ್‌ಮೀಡಿಯೇಟ್ ಸ್ವಿಚ್ ತೆಗೆಯಿರಿ. ಕೆಳಗಿನಿಂದ ಬಂದ ಕೆಂಪು, ಮೇಲಕ್ಕೆ ಹೋಗುವ ಕೆಂಪು, ಪುಶ್‌ಗೆ ಒಂದು ತುಂಡು ಒಂದು ಕನೆಕ್ಟರಿಗೆ. ಬಿಳಿಯ ಎರಡು ತುದಿ, ಪುಶ್‌ನ ಇನ್ನೊಂದು ಕಾಲಿಗೆ ಒಂದು ತುಂಡು ಇನ್ನೊಂದು ಕನೆಕ್ಟರಿಗೆ. ನಾಲ್ಕೈದು ಕಡೆಯಿಂದ ದೀಪ ಹಚ್ಚಬೇಕಿದ್ದರೆ ಪ್ರತಿ ನಡುವಿನ ಬಾಕ್ಸಿನಲ್ಲೂ ಇದೇ.

3. ಮೇಲಿನ ಬಾಕ್ಸ್: ಕೆಂಪು ಟೇಪಿನ ವೈರನ್ನು ಕನೆಕ್ಟರ್ ಮೂಲಕ ಮಾಡ್ಯೂಲಿನ ‘ಎಲ್’ ಟರ್ಮಿನಲ್‌ಗೂ ಮೇಲಿನ ಪುಶ್‌ಗೂ ಕೊಡಿ. ಬಿಳಿಯದನ್ನು ಪುಶ್‌ನ ಇನ್ನೊಂದು ಕಾಲಿಗೂ ಮಾಡ್ಯೂಲಿನ ‘ಎಸ್’ಗೂ (ಕೆಲವದರಲ್ಲಿ ‘ಎಸ್1’) ಕೊಡಿ. ದೀಪದ ವೈರ್ ಮಾಡ್ಯೂಲಿನ ಔಟ್‌ಪುಟ್‌ಗೆ, ಅದನ್ನು ‘ಓ’ ಎಂದೋ ಬಾಣದ ಗುರುತಿನಿಂದಲೋ ತೋರಿಸಿರುತ್ತಾರೆ. ನ್ಯೂಟ್ರಲ್ ಇದ್ದರೆ ‘ಎನ್’ಗೆ.

ಔಟ್‌ಪುಟ್‌ಗೆ ತಪ್ಪಿ ಫೇಸ್ ತಾಗಿಸಿದರೆ ಮಾಡ್ಯೂಲ್ ಮತ್ತೆ ಏಳುವುದಿಲ್ಲ, ಗ್ಯಾರಂಟಿಯೂ ಸಿಗುವುದಿಲ್ಲ. ಮುಚ್ಚುವ ಮುಂಚೆ ಇದೊಂದನ್ನು ಎರಡು ಸಲ ನೋಡಿ.

ಪುಶ್‌ಗೆ ಹೋಗುವುದು ‘ಬರೀ ಸಿಗ್ನಲ್ ತಾನೇ’ ಎಂದು ಟೆಲಿಫೋನ್ ವೈರೋ ನೆಟ್‌ವರ್ಕ್ ಕೇಬಲ್ಲೋ ಹಾಕುವವರಿದ್ದಾರೆ. ಕರೆಂಟ್ ಅತಿ ಕಡಿಮೆ ನಿಜ, ವೋಲ್ಟೇಜ್ ಪೂರ್ತಿ 230. ಐಎಸ್‌ಐ ಗುರುತಿನ 1 ಅಥವಾ 1.5 ಚದರ ಮಿಲಿಮೀಟರ್ ತಾಮ್ರದ ವೈರನ್ನೇ ಬಳಸಿ. ತಿರುಚಿ ಟೇಪ್ ಸುತ್ತುವ ಜೋಡಣೆ ಬೇಡ, ಲಿವರ್ ಒತ್ತುವ ಕನೆಕ್ಟರ್ ಹಾಕಿ.

ಜಾಗದ ಮಾತು. ಹಳೇ ಬಾಕ್ಸುಗಳು ಆಳ ಕಡಿಮೆ, ಒಳಗೆ ಸಿಮೆಂಟ್ ಉದುರಿರುತ್ತದೆ, ಜೊತೆಗೆ ಕನೆಕ್ಟರ್‌ಗಳು. ಮಾಡ್ಯೂಲನ್ನು ತುರುಕಿ ಪ್ಲೇಟ್ ಒತ್ತಿ ಸ್ಕ್ರೂ ಹಾಕಿದರೆ ಎಲ್ಲೋ ಒಂದು ವೈರ್ ಕಿತ್ತು ಬರುತ್ತದೆ, ಬಿಸಿಯೂ ಹೊರಗೆ ಹೋಗುವುದಿಲ್ಲ. ದೊಡ್ಡ ಬಾಕ್ಸ್ ಹಾಕಿಸುವುದು ಒಂದು ದಿನದ ಧೂಳಿನ ಕೆಲಸವಾದರೂ ಮಾಡಿಸಿ. ಬಾಕ್ಸ್ ಲೋಹದ್ದಾದರೆ ವೈಫೈ ಸಿಗ್ನಲ್ ಕುಗ್ಗುತ್ತದೆ. ಮಾಡ್ಯೂಲನ್ನು ಹಿಂದಕ್ಕೆ ತಳ್ಳದೆ ಪ್ಲಾಸ್ಟಿಕ್ ಪ್ಲೇಟಿನ ಹತ್ತಿರವೇ ಇರುವಂತೆ ನೋಡಿಕೊಳ್ಳಿ.

ಕರೆಂಟ್ ಕೊಟ್ಟ ಮೇಲೆ

ಆಪ್ ಮುಟ್ಟುವ ಮುಂಚೆ ಮೂರೂ ಪುಶ್ ಒತ್ತಿ ನೋಡಿ. ಕೈಯಿಂದ ಸರಿಯಾಗಿ ನಡೆದ ಮೇಲೆಯೇ ವೈಫೈ ಸರದಿ. ಇಂಥ ಮಾಡ್ಯೂಲುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ರೌಟರ್ 5 ಗಿಗಾಹರ್ಟ್ಸ್ ಜೊತೆ ಒಂದೇ ಹೆಸರಿನಲ್ಲಿ ಬೆರೆಸಿದ್ದರೆ ಸೇರಿಸುವ ಹೊತ್ತಿಗಷ್ಟೇ ಬೇರೆ ಮಾಡಿ.

ಆಪ್‌ನಲ್ಲಿ ಬಟನ್ ಬಗೆಯನ್ನು ‘ಮೊಮೆಂಟರಿ’ ಎಂದು ಇಡಿ. ಆಗ ಚಿಕ್ಕದಾಗಿ ಒತ್ತಿದರೆ ಆನ್-ಆಫ್, ಒತ್ತಿ ಹಿಡಿದರೆ ಬೆಳಕು ಏರುತ್ತದೆ, ಬಿಟ್ಟು ಮತ್ತೆ ಹಿಡಿದರೆ ಇಳಿಯುತ್ತದೆ. ಎಲ್ಲ ಬಲ್ಬ್ ಹಾಕಿದ ಮೇಲೆ ಕ್ಯಾಲಿಬ್ರೇಶನ್ ಒತ್ತಿ, ಆಗ ಡಿಮ್ಮರ್ ಆ ಬಲ್ಬುಗಳಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಮುಂದೆ ಬೇರೆ ಕಂಪನಿಯ ಬಲ್ಬ್ ಹಾಕಿದರೆ ಮತ್ತೊಮ್ಮೆ ಮಾಡಬೇಕು. ಕನಿಷ್ಠ ಬೆಳಕನ್ನು ಬಲ್ಬ್ ಮಿನುಗದೆ ನಿಲ್ಲುವ ಮಟ್ಟಕ್ಕೆ ಏರಿಸಿ. ಮೆಟ್ಟಿಲಿನ ಅಂಚು ಕಾಣದಷ್ಟು ಡಿಮ್ ಆಗುವುದರಿಂದ ಯಾರಿಗೂ ಉಪಯೋಗವಿಲ್ಲ. ಕರೆಂಟ್ ಹೋಗಿ ಬಂದಾಗ ದೀಪ ಯಾವ ಸ್ಥಿತಿಯಲ್ಲಿರಬೇಕು ಎನ್ನುವ ಆಯ್ಕೆಯನ್ನೂ ಮರೆಯಬೇಡಿ. ‘ಹಿಂದಿನ ಸ್ಥಿತಿ’ ಎಂದಿಟ್ಟರೆ ಒಳ್ಳೆಯದು. ‘ಆನ್’ ಎಂದಿದ್ದರೆ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಇಡೀ ಮನೆ ಎಚ್ಚರ.

ಯುಪಿಎಸ್ ಮೇಲೆ ಹಾಕಿಯೂ ಒಮ್ಮೆ ನೋಡಲೇಬೇಕು. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆಯಿಲ್ಲ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಅಲೆಯ ಆಕಾರವೇ ಬೇರೆ, ಡಿಮ್ಮರ್‌ನ ಕತ್ತರಿ ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ಅಂಥ ಮನೆಯಲ್ಲಿ ಈ ದೀಪವನ್ನು ಮೇನ್ ಲೈನಿಗೆ ಬದಲಿಸಿ, ಮೆಟ್ಟಿಲಿಗೆ ಬೇರೊಂದು ಸಣ್ಣ ದೀಪ ಯುಪಿಎಸ್‌ನಲ್ಲಿ ಇರಲಿ.

ಕೈಕೊಟ್ಟಾಗ

ಆರಿಸಿದ ಮೇಲೂ ಬಲ್ಬ್ ಮಂದವಾಗಿ ಹೊಳೆಯುತ್ತಿದ್ದರೆ ಲೋಡ್ ಸಾಲದು ಎಂದರ್ಥ. ಮಾಡ್ಯೂಲ್ ಕಂಪನಿಯವರೇ ಮಾರುವ ಬೈಪಾಸ್ ಎಂಬ ಸಣ್ಣ ತುಣುಕನ್ನು ದೀಪದ ಹತ್ತಿರ, ದೀಪದ ವೈರ್ ಮತ್ತು ನ್ಯೂಟ್ರಲ್ ನಡುವೆ ಹಾಕಿಸಿ.

ಯಾರೂ ಒತ್ತದೆ ದೀಪ ತಾನಾಗಿ ಹತ್ತಿ ಆರುತ್ತಿದ್ದರೆ ದೆವ್ವವಲ್ಲ. ಬಿಳಿ ಟೇಪಿನ ವೈರ್ ಉದ್ದಕ್ಕೂ ಫೇಸಿನ ಪಕ್ಕದಲ್ಲೇ ಹರಿಯುವುದರಿಂದ ಅದರೊಳಗೆ ಹಾಯುವ ಸುಳ್ಳು ವೋಲ್ಟೇಜನ್ನು ಮಾಡ್ಯೂಲ್ ಒತ್ತುವಿಕೆ ಎಂದುಕೊಳ್ಳುತ್ತದೆ. ಇಂಡಿಕೇಟರ್ ಪುಶ್ ಯಾವುದಾದರೂ ಸೇರಿಕೊಂಡಿದೆಯೇ ನೋಡಿ. ಇಲ್ಲದಿದ್ದರೆ ಸ್ವಿಚ್ ವೈರಿನ ಗರಿಷ್ಠ ಉದ್ದ ಎಷ್ಟೆಂದು ಮ್ಯಾನ್ಯುಯಲ್ಲಿನಲ್ಲಿ ಹುಡುಕಿ. ಅದಕ್ಕಿಂತ ಹೆಚ್ಚಾಗಿದ್ದರೆ ದೂರದ ಪುಶ್ ಒಂದನ್ನು ತೆಗೆದು ಅಲ್ಲಿ ಸೆಲ್ಲಿನ ರಿಮೋಟ್ ಬಟನ್ ಹಾಕುವುದು ಸುಲಭದ ದಾರಿ.

ಅರ್ಧ ಬೆಳಕಿನಲ್ಲಿ ಮಾತ್ರ ಮಿನುಗಿದರೆ ಲೀಡಿಂಗ್, ಟ್ರೇಲಿಂಗ್ ಬದಲಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಬಲ್ಬ್ ಬದಲಿಸಿ. ಒಂದೇ ಗೊಂಚಲಿನಲ್ಲಿ ಎರಡು ಕಂಪನಿಯ ಬಲ್ಬ್ ಬೆರೆಸಿದ್ದರೆ ಇದು ಸಾಮಾನ್ಯ. ಪ್ಲೇಟ್ ಬೆಚ್ಚಗಾಗುವುದು ಸಹಜ, ಕೈ ಇಡಲಾಗದಷ್ಟು ಬಿಸಿಯಾದರೆ ಮೇನ್ ಇಳಿಸಿ ಕನೆಕ್ಟರ್ ಬಿಗಿ ಇದೆಯೇ, ವ್ಯಾಟ್ ಲೆಕ್ಕ ಸರಿಯಿದೆಯೇ ನೋಡಿಸಬೇಕು.

ಬಾಡಿಗೆ ಮನೆ, ಹೊಸ ಮನೆ, ಅಮೆರಿಕದ ಮನೆ

ಬಾಡಿಗೆ ಮನೆಯವರು ಇಷ್ಟೆಲ್ಲ ಮಾಡಬೇಕಿಲ್ಲ. ಡಿಮ್ ಆಗುವ ಸ್ಮಾರ್ಟ್ ಬಲ್ಬ್ ಹಾಕಿ, ಗೋಡೆಯ ಸ್ವಿಚ್ಚುಗಳನ್ನು ಆನ್‌ನಲ್ಲೇ ಬಿಟ್ಟು, ಪಕ್ಕದಲ್ಲಿ ರಿಮೋಟ್ ಬಟನ್ ಅಂಟಿಸಿ. ಹೋಗುವಾಗ ಬಿಚ್ಚಿ ಒಯ್ಯಬಹುದು.

ಮನೆ ಕಟ್ಟಿಸುತ್ತಿರುವವರಿಗೆ ಇದು ಬಲು ಅಗ್ಗದ ಕೆಲಸ. ಸ್ಲ್ಯಾಬಿನಲ್ಲಿ ಪೈಪ್ ಹಾಕುವ ಮುಂಚೆಯೇ ಹೇಳಿಬಿಡಿ: ಪ್ರತಿ ಲೈಟ್ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್, ಮೆಟ್ಟಿಲಿನ ಬಾಕ್ಸುಗಳ ನಡುವೆ ಜೋಡಿಯ ಜೊತೆ ಒಂದು ವೈರ್ ಹೆಚ್ಚು, ಪೈಪ್ 25 ಮಿಲಿಮೀಟರಿನದು, ಬಾಕ್ಸ್ ಆಳದ್ದು. ಮೂರು ವೈರ್ ಇದ್ದರೆ ಯಾವ ಬಗೆಯ ಮಾಡ್ಯೂಲನ್ನಾದರೂ ಹಾಕಬಹುದು.

ಯೂಟ್ಯೂಬಿನಲ್ಲಿ ಸಿಗುವ ವಿಡಿಯೋಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಕಪ್ಪು ವೈರ್ ಫೇಸ್, ಬಿಳಿ ನ್ಯೂಟ್ರಲ್. ನಮ್ಮಲ್ಲಿ ಕಪ್ಪು ನ್ಯೂಟ್ರಲ್. ಆ ವಿಡಿಯೋ ನೋಡಿಕೊಂಡು ಇಲ್ಲಿ ಬಣ್ಣ ಹೊಂದಿಸಿದರೆ ನೇರ ಶಾರ್ಟ್. ಅವರು ತ್ರೀ-ವೇ ಎಂದು ತೋರಿಸುವುದು ನಮ್ಮ ಟೂ-ವೇ ಸ್ವಿಚ್ಚನ್ನೇ, ಅವರ ಫೋರ್-ವೇ ನಮ್ಮ ಇಂಟರ್‌ಮೀಡಿಯೇಟ್. ಅಲ್ಲೇ ಇರುವ ಕನ್ನಡಿಗರಿಗೆ ಎರಡನೇ ದಾರಿ, ಅಂದರೆ ಮುಖ್ಯ ಡಿಮ್ಮರ್ ಜೊತೆ ಅದೇ ಕಂಪನಿಯ ಸಹಾಯಕ ಸ್ವಿಚ್ಚು ಅಥವಾ ರಿಮೋಟ್, ಸುಲಭವಾಗಿ ಸಿಗುತ್ತದೆ. ಅಲ್ಲಿನ ವಿದ್ಯುತ್ ಸಂಹಿತೆ 2011ರ ಆವೃತ್ತಿಯಿಂದ ಲೈಟ್ ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ಇರಬೇಕೆಂದು ಕೇಳುತ್ತದೆ. ಅದಕ್ಕಿಂತ ಹಳೇ ಮನೆಯಾದರೆ ಕೊಳ್ಳುವ ಮುಂಚೆ ಪ್ಲೇಟ್ ತೆಗೆದು ನೋಡಿಸಬೇಕು.

ಕೆಲಸ ಮುಗಿದ ದಿನವೇ ಮೂರು ಬಾಕ್ಸಿನ ಒಂದು ಚಿತ್ರ ಬರೆದು, ಕೆಂಪು ಟೇಪ್ ಸದಾ ಫೇಸ್, ಬಿಳಿ ಟೇಪ್ ಸೂಚನೆ, ಮಾಡ್ಯೂಲ್ ಮೇಲಿನ ಬಾಕ್ಸಿನಲ್ಲಿ ಎಂದು ನಮೂದಿಸಿ ಡಿಬಿ ಬಾಗಿಲಿನ ಒಳಗೆ ಅಂಟಿಸಿ. ನಾಲ್ಕು ವರ್ಷದ ನಂತರ ಒಂದು ಪುಶ್ ಕೆಟ್ಟು, ಬಂದ ಹೊಸ ಎಲೆಕ್ಟ್ರಿಷಿಯನ್ ಅಲ್ಲಿ ಮಾಮೂಲಿ ಸ್ವಿಚ್ ಹಾಕಿ ಆನ್‌ನಲ್ಲಿ ಬಿಟ್ಟುಹೋದರೆ, ಡಿಮ್ಮರ್‌ಗೆ ಯಾರೋ ಒತ್ತಿ ಹಿಡಿದೇ ಇದ್ದಾರೆ ಎನಿಸುತ್ತದೆ, ಉಳಿದೆರಡು ಪುಶ್ ಎಷ್ಟು ಒತ್ತಿದರೂ ದೀಪ ಕೇಳುವುದಿಲ್ಲ.